ಹಿತ್ತಿಲಿಗೆ ಬಂದ ಹೊಸಬರು

ಸಂತೆಯಿಂದ ಕೋಳಿಯನ್ನು ಕೊಂಡು ತರುವುದು ಸುಲಭ. ತಂದ ಕೋಳಿಯನ್ನು ಮನೆಯ ಕೋಳಿಗಳೊಡನೆ ಕೂಡಿಸುವುದು ಸುಲಭವಲ್ಲ. ಹಿತ್ತಿಲಿನಲ್ಲಿ ನಾಲ್ಕು ಕೋಳಿಗಳನ್ನು ಸಾಕಿದವರಾರೂ ಈ ಮಾತನ್ನು ಅಲ್ಲಗಳೆಯಲಾರರು. ನೋಡುವವರ ಕಣ್ಣಿಗೆ ಕೋಳಿಗಳ ಹಿಂಡೆಂದರೆ ಗೊತ್ತುಗುರಿಯಿಲ್ಲದ ಒಂದು ಗುಂಪು. ಬೆಳಗಾದರೆ ತಿಪ್ಪೆಯನ್ನು ಕೆದಕುವುದು, ಹುಳುವೊಂದು ಸಿಕ್ಕರೆ ಕಿತ್ತಾಡುವುದು, ಸಂಜೆಯಾದರೆ ಗೂಡು ಸೇರುವುದು, ಇಷ್ಟೇ ಅವುಗಳ ಬಾಳೆಂದು ತೋರುತ್ತದೆ. ಆದರೆ ಆ ಗುಂಪಿನೊಳಗೆ ಮೊದಲು ಯಾರು ತಿನ್ನಬೇಕು, ಯಾರು ಯಾರಿಗೆ ದಾರಿ ಬಿಡಬೇಕು, ರಾತ್ರಿ ಅಡ್ಡಗೋಲಿನ ಮೇಲೆ ಯಾರ ಪಕ್ಕದಲ್ಲಿ ಯಾರು ಕೂರಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ.

ಹಾಸನ ಜಿಲ್ಲೆಯ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯೂ ಆರನೆಯ ತರಗತಿಯಲ್ಲಿ ಓದುತ್ತಿದ್ದ ಅವಳ ಮೊಮ್ಮಗಳೂ ಇದ್ದರು. ಅವರ ಹಿತ್ತಿಲಿನಲ್ಲಿ ಆರು ಹೇಂಟೆಗಳು, ಒಂದು ಹುಂಜ. ಮೊಟ್ಟೆ ಮಾರಿದ ಹಣದಲ್ಲಿ ಅಜ್ಜಿಯ ಎಲೆಅಡಿಕೆಯೂ ಮೊಮ್ಮಗಳ ನೋಟುಬುಕ್ಕುಗಳೂ ನಡೆಯಬೇಕು. ಹೇಂಟೆಗಳಲ್ಲಿ ಕರಿಯದು ಯಜಮಾನಿ. ಅದು ಬಂದರೆ ಉಳಿದವು ಕಾಳು ಬಿಟ್ಟು ಸರಿಯುತ್ತಿದ್ದವು. ಎಲ್ಲಕ್ಕೂ ಕೆಳಗಿನದು ಒಂದು ಬಿಳಿಯ ಕೋಳಿ. ಮರಿಯಾಗಿದ್ದಾಗ ಮುಂಗುಸಿಯ ಬಾಯಿಗೆ ಸಿಕ್ಕಿ ಅದರ ಕಾಲೊಂದು ಊನವಾಗಿತ್ತು. ಅದನ್ನು ಕುಕ್ಕದ ಕೋಳಿಯೇ ಇರಲಿಲ್ಲ. ಹುಡುಗಿಗೆ ಮಾತ್ರ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ. ಶಾಲೆಯಿಂದ ಬಂದೊಡನೆ ಒಂದು ಹಿಡಿ ರಾಗಿಯನ್ನು ಮುಚ್ಚಿಟ್ಟುಕೊಂಡು ಹೋಗಿ, ಬಾವಿಕಟ್ಟೆಯ ಮರೆಯಲ್ಲಿ ಅದಕ್ಕೊಂದಕ್ಕೇ ತಿನ್ನಿಸುತ್ತಿದ್ದಳು.

ಕೋಳಿಗಳ ಈ ಮೇಲುಕೀಳಿನ ಲೆಕ್ಕವನ್ನು ಮೊದಲು ಶಾಸ್ತ್ರೀಯವಾಗಿ ಬರೆದಿಟ್ಟವನು ನಾರ್ವೆ ದೇಶದ ಥಾರ್ಲೀಫ್ ಶೆಲ್ಡೆರೂಪ್-ಎಬ್ಬೆ. ಹುಡುಗನಾಗಿದ್ದಾಗಲೇ ಅವನಿಗೆ ಕೋಳಿಗಳನ್ನು ನೋಡುತ್ತ ಕುಳಿತುಕೊಳ್ಳುವ ಹುಚ್ಚು. ಯಾವುದು ಯಾವುದನ್ನು ಕುಕ್ಕಿತು, ಯಾವುದು ಯಾವುದಕ್ಕೆ ಹೆದರಿ ಓಡಿತು ಎಂಬುದನ್ನು ತಾಳ್ಮೆಯಿಂದ ಗುರುತುಮಾಡಿಕೊಂಡು, ದೊಡ್ಡವನಾದ ಮೇಲೆ 1922ರಲ್ಲಿ ಆ ವಿಷಯವನ್ನು ಪ್ರಕಟಿಸಿದನು. ಈ ಕುಕ್ಕುವ ಕ್ರಮವು ಒಮ್ಮೆ ನೆಲೆಗೊಂಡರೆ ಹಿಂಡಿನಲ್ಲಿ ಜಗಳ ಕಡಿಮೆಯಾಗುತ್ತದೆ; ಬರಿಯ ನೋಟವೊಂದೇ ಸಾಕಾಗುತ್ತದೆ. ಕ್ರಮವು ಯಾವಾಗಲೂ ಏಣಿಯ ಮೆಟ್ಟಿಲುಗಳಂತೆ ನೇರವಾಗಿರುವುದಿಲ್ಲವೆಂಬುದನ್ನೂ ಅವನು ಕಂಡಿದ್ದನು. ಮೊದಲನೆಯದು ಎರಡನೆಯದನ್ನು ಕುಕ್ಕಿ, ಎರಡನೆಯದು ಮೂರನೆಯದನ್ನು ಕುಕ್ಕಿ, ಆ ಮೂರನೆಯದೇ ಬಂದು ಮೊದಲನೆಯದನ್ನು ಕುಕ್ಕುವುದೂ ಉಂಟು. ಮನುಷ್ಯರ ಕಚೇರಿಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು. ಹೊಸ ಕೋಳಿಯೊಂದು ಬಂದಿತೆಂದರೆ ಈ ಕಟ್ಟುಪಾಡೆಲ್ಲ ಸಡಿಲವಾಗಿ, ಲೆಕ್ಕವನ್ನು ಮತ್ತೆ ಮೊದಲಿನಿಂದ ಬರೆಯಬೇಕಾಗುತ್ತದೆ. ಕೋಳಿಗಳಿಗೆ ಬರೆಯಲು ಇರುವುದು ಕೊಕ್ಕು ಮಾತ್ರ.

ಆ ವರ್ಷ ಹಳೆಯ ಹೇಂಟೆಗಳ ಮೊಟ್ಟೆ ಇಳಿಮುಖವಾಯಿತು. ಅಜ್ಜಿ ಸಂತೆಗೆ ಹೋಗಿ ಮೂರು ಎಳೆಯ ಹೇಂಟೆಗಳನ್ನು ತಂದಳು. ಎರಡು ಕಂದುಬಣ್ಣದವು, ಒಂದು ಚುಕ್ಕೆಯದು. ಒಂದನ್ನೇ ತಂದರೆ ಹಿಂಡಿನ ಏಟೆಲ್ಲ ಆ ಒಂದರ ತಲೆಯ ಮೇಲೆಯೇ ಬೀಳುತ್ತದೆಯೆಂದು ಅವಳಿಗೆ ಗೊತ್ತಿತ್ತು. ಹುಡುಗಿ ಅವುಗಳ ಕಾಲಿನ ಕಟ್ಟನ್ನು ಬಿಚ್ಚಿ ಅಂಗಳಕ್ಕೆ ಬಿಡಲು ಹೋದಾಗ ಅಜ್ಜಿ, “ಬೇಡ ಪುಟ್ಟಿ, ಹೋದ ಸಲದ್ದು ಮರೆತೆಯಾ?” ಎಂದು ತಡೆದಳು.

ಹೋದ ಸಲದ್ದು ಮರೆಯುವಂತಹುದಲ್ಲ. ಎರಡು ವರ್ಷಗಳ ಹಿಂದೆ ಸಂತೆಯಿಂದ ತಂದ ಒಂದು ಕೋಳಿಯನ್ನು ಆ ದಿನವೇ ಹಿಂಡಿನೊಳಗೆ ಬಿಟ್ಟಿದ್ದರು. ವಾರ ಕಳೆಯುವುದರೊಳಗೆ ಅದು ಹಸಿರು ಬಣ್ಣದ ಭೇದಿಯಾಗಿ, ಬಾಯಿ ತೆರೆದು ಉಸಿರಿಗೆ ಕಷ್ಟಪಟ್ಟು ಸತ್ತಿತು. ಅನಂತರ ಮನೆಯ ಕೋಳಿಗಳು ಒಂದೊಂದಾಗಿ ಕತ್ತು ತಿರುಚಿಕೊಂಡು ಬಿದ್ದವು. ಹದಿನಾಲ್ಕರಲ್ಲಿ ಉಳಿದವು ಮೂರು. ಹಳ್ಳಿಗರು ಕೊಕ್ಕರೆ ರೋಗವೆಂದು ಕರೆಯುವ ಈ ಪಿಡುಗಿಗೆ ಕುಮಾವೂನ್ ಬೆಟ್ಟಗಳ ರಾಣಿಖೇತ್ ಎಂಬ ಊರಿನ ಹೆಸರೂ ಉಂಟು. ಬಂದ ಮೇಲೆ ಅದಕ್ಕೆ ಔಷಧವಿಲ್ಲ; ಬಾರದಂತೆ ಲಸಿಕೆ ಹಾಕಿಸಬಹುದು, ಅಷ್ಟೇ.

ಆದುದರಿಂದ ಹೊಸ ಕೋಳಿಗಳು ಮೂರು ವಾರ ಮನೆಯ ಇನ್ನೊಂದು ಕಡೆಯ ಹಳೆಯ ಕರುಗಳ ಕೊಟ್ಟಿಗೆಯಲ್ಲಿ ಉಳಿದವು. ಅಜ್ಜಿ ಮೊದಲು ಮನೆಯ ಕೋಳಿಗಳಿಗೆ ಕಾಳು ಹಾಕಿ, ಆಮೇಲೆ ಇವುಗಳ ಬಳಿಗೆ ಹೋಗುವಳು. ಹಿಂದಿರುಗಿ ಬಂದು ಕೈಕಾಲು ತೊಳೆದುಕೊಳ್ಳುವಳು. ನೀರಿನ ಬಟ್ಟಲೂ ಬೇರೆ. ಕೋಳಿಗಳಿಗೆ ಸೀನು, ಭೇದಿ, ಹೇನು ಯಾವುದೂ ಕಾಣಿಸದಿದ್ದ ಮೇಲೆ, ಹಿತ್ತಿಲಿನ ಒಂದು ಮೂಲೆಗೆ ಬಿದಿರಿನ ತಟ್ಟಿ ಕಟ್ಟಿ ಅದರೊಳಗೆ ಅವನ್ನು ಬಿಟ್ಟಳು. ಹೊರಗಿನವು ಒಳಗಿನವನ್ನು ನೋಡಬಹುದು, ಮುಟ್ಟಲಾಗದು. ಮೊದಲ ದಿನ ಕರಿಕೋಳಿ ಕತ್ತಿನ ಗರಿಗಳನ್ನು ಕೆದರಿಕೊಂಡು ತಟ್ಟಿಯ ಸುತ್ತ ಹತ್ತಾರು ಸಲ ಸುತ್ತಿತು. ಐದಾರು ದಿನಗಳಲ್ಲಿ ಅದಕ್ಕೆ ಬೇಸರ ಬಂದಿತು.

ತಟ್ಟಿಯನ್ನು ತೆಗೆದ ದಿನ ಅಜ್ಜಿ ಕಾಳನ್ನು ಒಂದೇ ಕಡೆ ಹಾಕದೆ ನಾಲ್ಕು ಕಡೆ ಚೆಲ್ಲಿದಳು. ಓಡಿಹೋಗಿ ಅಡಗಲು ಹಳೆಯ ಮಂಕರಿಗಳನ್ನು ಬೋರಲು ಹಾಕಿ, ಸೌದೆಯ ರಾಶಿಗೆ ಸಂದು ಮಾಡಿದಳು. ಹರಿವೆ ಸೊಪ್ಪಿನ ಕಟ್ಟೊಂದನ್ನು ನುಗ್ಗೆಮರದ ಕೊಂಬೆಗೆ, ಹಾರಿ ಕುಕ್ಕಬೇಕಾದಷ್ಟು ಎತ್ತರದಲ್ಲಿ ತೂಗುಹಾಕಿದಳು. ಕೊಕ್ಕಿಗೆ ಕೆಲಸವಿದ್ದರೆ ಕೇಡು ಕಡಿಮೆ ಎಂಬುದು ಅವಳ ಅನುಭವ. ಕರಿಕೋಳಿ ಹೊಸಬರಿಗೆ ತಲಾ ಎರಡು ಏಟು ಕೊಟ್ಟು, ಅವು ತಲೆ ತಗ್ಗಿಸಿದೊಡನೆ ತೃಪ್ತಿಪಟ್ಟು ಸೊಪ್ಪಿನ ಕಡೆಗೆ ನಡೆಯಿತು. ಯಜಮಾನಿಕೆ ಗಟ್ಟಿಯಾಗಿದ್ದವರಿಗೆ ಅಷ್ಟೇ ಸಾಕಾಗುತ್ತದೆ.

ಬಿಡದೆ ಬೆನ್ನುಹತ್ತಿದ್ದು ಕುಂಟುಕೋಳಿ. ಅಷ್ಟು ದಿನ ಎಲ್ಲರ ಏಟನ್ನೂ ತಿಂದಿದ್ದ ಆ ಬಿಳಿಯ ಕೋಳಿಗೆ ತನಗಿಂತ ಕೆಳಗೆ ಇರಬಹುದಾದವರು ಈಗ ಸಿಕ್ಕಿದ್ದರು. ಕುಂಟುತ್ತಲೇ ಅದು ಚುಕ್ಕೆಕೋಳಿಯನ್ನು ಸೌದೆಯ ಸಂದಿಗೆ ನೂಕಿ, ಹೊರಬರಗೊಡದೆ ಕಾವಲು ನಿಂತಿತು. ಕಾಳಿನ ಬಳಿಗೂ ಬಿಡಲಿಲ್ಲ, ನೀರಿನ ಬಳಿಗೂ ಬಿಡಲಿಲ್ಲ. ಮೂರನೆಯ ದಿನ ಹುಡುಗಿ ಶಾಲೆಯಿಂದ ಬಂದು ನೋಡಿದಾಗ ಚುಕ್ಕೆಕೋಳಿಯ ಜುಟ್ಟು ಹರಿದು ರಕ್ತ ಒಸರುತ್ತಿತ್ತು. ಕುಂಟುಕೋಳಿ ಆ ಕೆಂಪನ್ನೇ ಮತ್ತೆ ಮತ್ತೆ ಕುಕ್ಕುತ್ತಿತ್ತು. ರಕ್ತವನ್ನು ಕಂಡು ಇನ್ನೆರಡು ಕೋಳಿಗಳೂ ಹತ್ತಿರ ಬರುತ್ತಿದ್ದವು. ಇನ್ನೊಂದು ಗಳಿಗೆ ತಡವಾಗಿದ್ದರೆ ಅದು ಬದುಕುತ್ತಿರಲಿಲ್ಲ. ಹುಡುಗಿ ಚುಕ್ಕೆಕೋಳಿಯನ್ನು ಎತ್ತಿಕೊಂಡು ಓಡಿದಳು. ಅಜ್ಜಿ ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಗಾಯಕ್ಕೆ ಹಚ್ಚಿದಳು. ಕೋಳಿಗಿಂತ ಹೆಚ್ಚಾಗಿ ಮೊಮ್ಮಗಳ ಕೈ ನಡುಗುತ್ತಿದ್ದುದನ್ನು ಅವಳು ಗಮನಿಸಿದಳು.

“ನಾನು ದಿನವೂ ರಾಗಿ ಹಾಕಿದ್ದೇನಲ್ಲ ಅಜ್ಜಿ, ಅದಕ್ಕೆ!” ಎಂದಳು ಹುಡುಗಿ.

“ರಾಗಿ ತಿಂದರೆ ಹೊಟ್ಟೆ ತುಂಬುತ್ತದೆ, ಮಗಳೇ. ಏಟು ತಿಂದದ್ದು ಹೋಗುತ್ತದೆಯೇ? ಅದನ್ನು ಹಿಡಿದು ತಾ. ನಾಲ್ಕು ದಿನ ಕೊಟ್ಟಿಗೆಯಲ್ಲಿರಲಿ.”

ಹಿಂಡಿನಿಂದ ನಾಲ್ಕಾರು ದಿನ ದೂರವಾದ ಕೋಳಿ ಹಿಂದಿರುಗಿದಾಗ ತಾನೇ ಹೊಸಬನಂತೆ ಆಗುತ್ತದೆ. ಅದರ ಸೊಕ್ಕು ಮುರಿಯಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಕುಂಟುಕೋಳಿ ಹುಡುಗಿಯ ಕೈಗಲ್ಲದೆ ಬೇರೆ ಯಾರ ಕೈಗೂ ಸಿಕ್ಕುತ್ತಿರಲಿಲ್ಲ. ಅವಳು ಬಾವಿಕಟ್ಟೆಯ ಮರೆಗೆ ಹೋಗಿ ಬರಿಗೈಯನ್ನು ಮುಂದೆ ಚಾಚಿದಳು. ಅದು ರಾಗಿಯೆಂದು ನಂಬಿ ಕುಂಟುತ್ತ ಬಂದಿತು. ಕೊಟ್ಟಿಗೆಯ ಕದವನ್ನು ಮುಚ್ಚಿ ಬಂದ ಮೇಲೆ ಹುಡುಗಿ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಐದನೆಯ ದಿನ, ಕತ್ತಲಾದ ಮೇಲೆ, ಇಬ್ಬರೂ ಲಾಂದ್ರದ ಬತ್ತಿಯನ್ನು ತಗ್ಗಿಸಿಕೊಂಡು ಗೂಡಿನ ಬಳಿಗೆ ಹೋದರು. ಕೋಳಿಗೆ ಕತ್ತಲಲ್ಲಿ ಕಣ್ಣು ಮಂದ, ಜಗಳಕ್ಕೆ ಮನಸ್ಸಿರುವುದಿಲ್ಲ. ಗಾಯ ಮಾಗಿದ ಚುಕ್ಕೆಕೋಳಿಯನ್ನು ಅಜ್ಜಿ ಅಡ್ಡಗೋಲಿನ ತುದಿಯಲ್ಲಿ, ಕಂದುಕೋಳಿಗಳ ಪಕ್ಕದಲ್ಲಿ ಕೂರಿಸಿದಳು. ಕುಂಟುಕೋಳಿಯನ್ನು ಎಲ್ಲಿ ಕೂರಿಸಬೇಕೆಂದು ಹುಡುಗಿ ಕೇಳಲಿಲ್ಲ. ಸ್ವಲ್ಪ ಹೊತ್ತು ಅದನ್ನು ಎದೆಗೊತ್ತಿಕೊಂಡು ನಿಂತಿದ್ದು, ಚುಕ್ಕೆಕೋಳಿಯ ಮಗ್ಗುಲಲ್ಲಿಯೇ ಇಟ್ಟಳು. ಅದು ಒಂದು ಸಲ ಕೊಕ್ಕೆತ್ತಿತು. ಆಮೇಲೆ ಊನವಾದ ಕಾಲನ್ನು ಹೊಟ್ಟೆಯ ಗರಿಗಳೊಳಗೆ ಎಳೆದುಕೊಂಡಿತು.

“ಬೆಳಗಾಗುವ ಮೊದಲೇ ಏಳಬೇಕು” ಎಂದು ಹೇಳಿ ಅಜ್ಜಿ ಗೂಡಿನ ಅಗುಳಿ ಹಾಕಿದಳು.

ಮರುದಿನ ನಸುಕಿನಲ್ಲಿ ಅವಳು ಎದ್ದು ಬರುವಾಗ, ಮೊಮ್ಮಗಳು ಆಗಲೇ ಮಡಿಲಿನಲ್ಲಿ ರಾಗಿ ತುಂಬಿಕೊಂಡು ಗೂಡಿನ ಬಾಗಿಲಲ್ಲಿ ಕುಳಿತಿದ್ದಳು. ಆ ದಿನ ಅವಳು ಅದನ್ನು ಅಂಗಳದ ತುಂಬ ಚೆಲ್ಲಿದಳು.