ಒಕ್ಕಣ್ಣಿನ ಕಾರು

ಹಗಲೆಲ್ಲ ಕಣ್ಣು ಮುಚ್ಚಿಕೊಂಡಿದ್ದು ಇರುಳಿನಲ್ಲಿ ತೆರೆಯುವ ಕಾರುಗಳ ಜಾತಿಯೊಂದಿತ್ತು. ದೀಪಗಳು ಮುಂಭಾಗದ ತಗಡಿನೊಳಗೆ ಅಡಗಿದ್ದು, ಬೇಕಾದಾಗ ಮುಚ್ಚಳಸಹಿತವಾಗಿ ಮೇಲೇಳುವುವು. ಅಮೆರಿಕದ ಕಾರ್ಡ್ 810 ಎಂಬ 1936ರ ಮಾದರಿಯಲ್ಲಿ ಚಾಲಕನೇ ಕೈಹಿಡಿ ತಿರುಗಿಸಿ ದೀಪಗಳನ್ನೆತ್ತಬೇಕಾಗಿತ್ತು. ಬಳಿಕ ಆ ಊಳಿಗವು ಬಹುಮಟ್ಟಿಗೆ ವಿದ್ಯುತ್ತಿನ ಮೋಟಾರಿಗೆ ಬಂದಿತು. ಕಾರ್ವೆಟ್ ಮತ್ತು ಲೋಟಸ್ ಎಸ್ಪ್ರಿಗಳ 2004ರ ಮಾದರಿಗಳೊಡನೆ ಈ ಸಂತತಿ ಹೆಚ್ಚುಕಡಮೆ ಮುಗಿಯಿತು.

ಅಂಥದೊಂದು ಹಳೆಯ ಕಾರು ಮಿಷಿಗನ್ ಸಂಸ್ಥಾನದ ವೃದ್ಧರೊಬ್ಬರ ಮನೆಯಲ್ಲಿದ್ದಿತು. ಅದು ಅವರ ಗತಿಸಿದ ಮಗನದು. ಮೊಮ್ಮಗಳು ಅದರಲ್ಲಿಯೇ ಕಾಲೇಜಿಗೆ ಹೋಗುವೆನೆಂದು ಹಟ ಹಿಡಿದಳು. ಆದರೆ ಬಲಗಡೆಯ ದೀಪ ಏಳಲೊಲ್ಲದು. ಒಳಗೆ ಮೋಟಾರು ಕೆಲವು ಕ್ಷಣ ಗುರುಗುಟ್ಟಿ ಸುಮ್ಮನಾಗುತ್ತಿತ್ತು. ಕಾಗೆಯ ಒಂದೇ ಕಣ್ಣುಗುಡ್ಡೆ ಎರಡು ಗೂಡುಗಳಿಗೂ ಒದಗುವುದೆಂದು ಕಾಕಾಕ್ಷಿಗೋಲಕನ್ಯಾಯ ಹೇಳುತ್ತದೆ. ಕಾರಿಗೆ ಆ ನ್ಯಾಯ ಸಲ್ಲದು. ಒಂಟಿ ದೀಪವನ್ನು ಕಂಡವರು ಇದು ಮೋಟಾರು ಸೈಕಲ್ಲೆಂದು ಭ್ರಮಿಸಿ ತೀರ ಹತ್ತಿರಕ್ಕೆ ಬಂದುಬಿಡಬಹುದು. ಒಬ್ಬ ಮಗನನ್ನು ಕಳೆದುಕೊಂಡವರಿಗೆ ಇದು ಸಣ್ಣ ಮಾತಲ್ಲ.

ದುರಸ್ತಿಯ ಅಂಗಡಿಯವನು ಇಡೀ ಮೋಟಾರನ್ನು ಬದಲಿಸಬೇಕೆಂದನು. ವೃದ್ಧರಿಗೆ ಒಪ್ಪಿಗೆಯಾಗಲಿಲ್ಲ. ತಿರುಗುವ ಮೋಟಾರನ್ನು ಸತ್ತಿತೆನ್ನುವುದೆಂತು? ದೋಷವಿರುವುದು ಅದಕ್ಕೂ ದೀಪಕ್ಕೂ ನಡುವೆ. ಅವರು ಮೊದಲು ಬ್ಯಾಟರಿಯ ತಂತಿ ಕಳಚಿದರು. ತಟಕ್ಕನೆ ಮುಚ್ಚುವ ಯಂತ್ರ ಬೆರಳಿನ ಮೇಲೆ ದಯೆ ತೋರದಷ್ಟೆ. ಮೋಟಾರಿನ ಬದಿಯ ಗುಂಡಿಯನ್ನು ಕೈಯಿಂದ ತಿರುಗಿಸಿ ದೀಪವನ್ನೆತ್ತಿ, ಮೋಟಾರನ್ನು ಬಿಚ್ಚಿ ಅಡಿಗೆಮನೆಯ ಮೇಜಿಗೆ ತಂದರು. ಮೊಮ್ಮಗಳು ತಿರುಪುಗಳನ್ನು ಎಣಿಸಿ ಬಟ್ಟಲಿನಲ್ಲಿಟ್ಟಳು. ಒಳಗೆ ಲೋಹದ ತಿರುಪು ನೈಲಾನಿನ ಹಲ್ಲುಚಕ್ರವನ್ನು ತಿರುಗಿಸುವ ಏರ್ಪಾಡು. ಹಳೆಯ ಗ್ರೀಸು ಅಂಟಾಗಿತ್ತು. ಚಕ್ರದ ಒಂದು ಪಾರ್ಶ್ವದ ಹಲ್ಲುಗಳು ಪೂರ್ತಿ ಸವೆದಿದ್ದುವು.

ಜೋಡಣೆಯ ಕ್ರಮವನ್ನು ಹೋಲಿಸಿ ನೋಡಲು ಎಡಗಡೆಯದನ್ನೂ ಬಿಚ್ಚಿದರು. ಅಲ್ಲಿ ಆಗಲೇ ಹಿತ್ತಾಳೆಯ ಚಕ್ರವೊಂದು ಹೊಳೆಯುತ್ತಿತ್ತು. ಮಗನು ಅರ್ಧ ಮಾಡಿ ಉಳಿಸಿಹೋದ ಕೆಲಸ! ವೃದ್ಧರು ಬಹಳ ಹೊತ್ತು ಮಾತನಾಡಲಿಲ್ಲ.

ವಾರದ ಬಳಿಕ ಎರಡನೆಯ ಹಿತ್ತಾಳೆಯ ಚಕ್ರ ಬಂದಿತು. ಹೊಸ ಗ್ರೀಸು ಸವರಿ, ಮೊದಲಿನಂತೆ ಕೂಡಿಸಿ, ಬ್ಯಾಟರಿಯ ತಂತಿ ಬಿಗಿದರು. ಮೊಮ್ಮಗಳು ಗುಂಡಿಯೊತ್ತಿದಳು. ಎರಡು ಕಣ್ಣುಗಳೂ ಒಟ್ಟಿಗೆ ತೆರೆದುವು.

“ಸಾಕೆ, ತಾತ?” ಎಂದಳು.

“ಇನ್ನೊಂದು ಸಲ” ಎಂದರು ಅವರು.