ಕಾಲಿಗೊಪ್ಪುವ ಜೋಡು

ನಮ್ಮ ಊರಿನಲ್ಲಿ ಹೊಸ ಚಪ್ಪಲಿ ತಂದ ದಿನ ಅಜ್ಜ ಅದರ ಬಾರಿನ ತುದಿಯನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿಬಿಡುತ್ತಿದ್ದರು. 'ಅದು ನಮ್ಮನ್ನ ಕಚ್ಚೋಕೆ ಮುಂಚೆ ನಾವೇ ಅದನ್ನ ಕಚ್ಚಬೇಕು ಕಣೋ' ಎಂಬುದು ಅವರ ಸಿದ್ಧಾಂತ. ವಿಜ್ಞಾನದ ಮೇಷ್ಟ್ರಾದ ಮೇಲೆ ಈ ಸಿದ್ಧಾಂತವನ್ನು ಮೂಢನಂಬಿಕೆಗೆ ಉದಾಹರಣೆಯಾಗಿ ಹೇಳಿ ನಾನು ತರಗತಿಯನ್ನು ನಗಿಸಿದ್ದುಂಟು. ಆದರೆ ಜೋಡು ಕಚ್ಚುತ್ತದೆ, ಅದೂ ಗಾಯ ಕಾಣಿಸದ ಹಾಗೆ ವರ್ಷಗಟ್ಟಲೆ ಕಚ್ಚುತ್ತದೆ ಎಂಬುದು ನನಗೆ ಅರ್ಥವಾಗಲು ಟೋಕಿಯೋಗೆ ಹೋಗಬೇಕಾಯಿತು.

2016ರ ಏಪ್ರಿಲ್‌ನಲ್ಲಿ, ಅಲ್ಲಿ ನಮ್ಮ ದೇಶದ ಪಠ್ಯಕ್ರಮ ಕಲಿಸುವ ಒಂದು ಶಾಲೆಗೆ ವಿಜ್ಞಾನ ಪಾಠ ಹೇಳಲು ಮೂರು ವರ್ಷದ ಮಟ್ಟಿಗೆ ಹೋದೆ. ಎದೊಗಾವಾ ವಾರ್ಡಿನ ನಿಶಿಕಸಾಯಿ ಎಂಬಲ್ಲಿ ಮನೆ. ಭಾರತೀಯರು ಬಹಳ ಇರುವ ಜಾಗವಾದ್ದರಿಂದ ತೊಗರಿಬೇಳೆಗೂ ಸಾಸಿವೆಗೂ ತೊಂದರೆಯಿರಲಿಲ್ಲ. ತೊಂದರೆ ಕೊಟ್ಟದ್ದು ಕಾಲು. ಇಲ್ಲಿ ಸ್ಕೂಟರ್ ಮೇಲೆ ಶಾಲೆಗೆ ಹೋಗುತ್ತಿದ್ದವನು ಅಲ್ಲಿ ದಿನವೂ ರೈಲು ನಿಲ್ದಾಣಗಳ ಮೆಟ್ಟಿಲು ಹತ್ತಿಳಿದು ಏಳೆಂಟು ಕಿಲೋಮೀಟರ್ ನಡೆಯಬೇಕಾಯಿತು. ಕಾಲಲ್ಲಿದ್ದದ್ದು ಊರಿನಿಂದ ತಂದ ಕಪ್ಪು ಚರ್ಮದ, ಮೂತಿ ಚೂಪಾದ, ಲೇಸು ಕಟ್ಟುವ ಶೂ.

ನನ್ನ ಪಾದದ ಬಗ್ಗೆ ಒಂದು ಮಾತು ಹೇಳಬೇಕು. ಹೈಸ್ಕೂಲು ಮುಗಿಸುವವರೆಗೆ ನಾನು ಬರಿಗಾಲಿನಲ್ಲೇ ಓಡಾಡಿದವನು. ಗದ್ದೆಯ ಬದು, ಕಲ್ಲುದಾರಿ, ಕೆಸರು ಎಲ್ಲವನ್ನೂ ಬೆರಳು ಅಗಲಿಸಿಯೇ ತುಳಿದದ್ದು. ಹೀಗಾಗಿ ಪಾದದ ಮುಂಭಾಗ ಮೊರದಂತೆ ಅಗಲ. ಕಾಲೇಜಿನಲ್ಲಿ ಗೆಳೆಯರು 'ಬಾತುಕೋಳಿ' ಎನ್ನುತ್ತಿದ್ದರು. ಅಂಗಡಿಯಲ್ಲಿ ಏಳನೇ ನಂಬರಿನ ಶೂ ಅಗಲಕ್ಕೆ ಸಾಲದೆಂದು ಎಂಟನೆಯದನ್ನು ಕೊಡುತ್ತಿದ್ದರು. ಉದ್ದ ಹೆಚ್ಚಾಗಿ ಹಿಮ್ಮಡಿ ಜಾರುತ್ತಿತ್ತು, ಆದರೂ ಬೆರಳುಗಳು ಬಿಗಿಯಾಗಿಯೇ ಇರುತ್ತಿದ್ದವು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುತ್ತಾರಲ್ಲ, ನಾನು ಜೋಡು ಇದ್ದಷ್ಟು ಕಾಲು ಮಡಚಿ ಇಪ್ಪತ್ತೈದು ವರ್ಷ ಕಳೆದಿದ್ದೆ.

ಜುಲೈ ಹೊತ್ತಿಗೆ ಬಲಗಾಲಿನ ಮೂರನೆಯ ಮತ್ತು ನಾಲ್ಕನೆಯ ಬೆರಳುಗಳ ನಡುವೆ ಉರಿ ಶುರುವಾಯಿತು. ಕಾಲುಚೀಲದೊಳಗೆ ಸಣ್ಣ ಕಲ್ಲು ಸೇರಿಕೊಂಡಂತೆ ಅನಿಸುವುದು, ಬಿಚ್ಚಿ ನೋಡಿದರೆ ಏನೂ ಇಲ್ಲ. ಪಾಠ ಮಾಡುತ್ತಾ ನಿಂತಲ್ಲೇ ಬೆರಳು ಜೋಮು ಹಿಡಿಯುತ್ತಿತ್ತು. ಸಕ್ಕರೆ ಕಾಯಿಲೆಯೇ ಬಂತೇನೋ ಎಂದು ಹೆದರಿದೆ. ರಕ್ತ ಪರೀಕ್ಷೆಯಲ್ಲಿ ಏನೂ ಇರಲಿಲ್ಲ. ಜಪಾನಿ ಭಾಷೆ ಬಲ್ಲ ಸಹೋದ್ಯೋಗಿಯೊಬ್ಬರನ್ನು ಕರೆದುಕೊಂಡು ಮೂಳೆ ವೈದ್ಯರ ಬಳಿ ಹೋದೆ. ಅವರು ಪಾದವನ್ನು ಎರಡೂ ಬದಿಯಿಂದ ಅದುಮಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಬೆರಳುಗಳ ಬುಡದ ಮೂಳೆಗಳ ನಡುವೆ ಹಾಯುವ ನರ ಸದಾ ಒತ್ತಡಕ್ಕೆ ಸಿಕ್ಕಿ ದಪ್ಪವಾಗುವ ತೊಂದರೆ ಅದು. 1876ರಲ್ಲಿ ಅದನ್ನು ವಿವರಿಸಿದ ಅಮೆರಿಕದ ವೈದ್ಯ ಥಾಮಸ್ ಮಾರ್ಟನ್ ಅವರ ಹೆಸರಿನಿಂದಲೇ ಕರೆಯುತ್ತಾರೆ.

ವೈದ್ಯರು ಮಾತ್ರೆಗಿಂತ ಮೊದಲು ಒಂದು ಬಿಳಿ ಹಾಳೆ ತೆಗೆದರು. ಬರಿಗಾಲಿನಲ್ಲಿ ಅದರ ಮೇಲೆ ನಿಲ್ಲಿಸಿ ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆದರು. ಆಮೇಲೆ ಆ ಚಿತ್ರದ ಮೇಲೆ ನನ್ನ ಶೂ ಇಟ್ಟರು. ಎರಡೂ ಬದಿಯಲ್ಲಿ ಪಾದದ ಗೆರೆ ಶೂನಿಂದ ಹೊರಗೆ ಇಣುಕುತ್ತಿತ್ತು! 'ಕಾಲಿನಲ್ಲಿ ದೋಷವಿಲ್ಲ, ಜೋಡಿನಲ್ಲಿದೆ' ಎಂದರಂತೆ. ಮೂವತ್ತು ಪೈಸೆಯ ಹಾಳೆಯಲ್ಲಿ ಮುಗಿಯುವ ಈ ಪ್ರಯೋಗ, ಇಪ್ಪತ್ತು ವರ್ಷ ಪ್ರಯೋಗಶಾಲೆ ನಡೆಸಿದ ನನಗೆ ಹೊಳೆದೇ ಇರಲಿಲ್ಲ.

ಅಂದಿನಿಂದ ನನ್ನ ಶೂ ಬೇಟೆ ಆರಂಭವಾಯಿತು. ಬೇಕಾದದ್ದು ಇಷ್ಟೇ: ಬೆರಳು ಹರಡಲು ಜಾಗವಿರಬೇಕು, ಹಿಮ್ಮಡಿ ಮತ್ತು ಬೆರಳು ಒಂದೇ ಎತ್ತರದಲ್ಲಿರಬೇಕು, ಅಟ್ಟೆ ತೆಳುವಾಗಿ ಕೈಯಲ್ಲಿ ಮಡಚುವಂತಿರಬೇಕು. ಇಂಥವನ್ನು ಮಿನಿಮಲಿಸ್ಟ್ ಶೂ ಅಥವಾ ಬರಿಗಾಲಿನ ಶೂ ಎನ್ನುತ್ತಾರೆ. ಹಾರ್ವರ್ಡಿನ ಡೇನಿಯಲ್ ಲೀಬರ್ಮನ್ 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರಿಗಾಲಿನ ಓಟಗಾರರು ನೆಲಕ್ಕೆ ಕಾಲು ಊರುವ ಬಗೆಯನ್ನು ಕುರಿತು ಬರೆದ ಮೇಲೆ ಇವು ಜಗತ್ತಿನಲ್ಲೆಲ್ಲ ಜನಪ್ರಿಯವಾದವು.

ಮೊದಲ ಗೊಂದಲ ನಂಬರಿನದು. ನಮ್ಮ ದೇಶದ ಶೂ ನಂಬರು ಇಂಗ್ಲೆಂಡಿನ ಪದ್ಧತಿ. ಅದರ ಮೂಲ ಬಾರ್ಲಿ ಕಾಳು! ಮೂರು ಬಾರ್ಲಿ ಕಾಳಿನ ಉದ್ದ ಒಂದು ಅಂಗುಲ. ಒಂದು ನಂಬರಿಗೂ ಮುಂದಿನದಕ್ಕೂ ಒಂದು ಕಾಳಿನಷ್ಟು, ಅಂದರೆ ಸುಮಾರು 8.5 ಮಿ.ಮೀ. ವ್ಯತ್ಯಾಸ. ಎಂಟನೇ ನಂಬರಿನ ಶೂ ಹೊಲಿಯುವ ಮರದ ಅಚ್ಚು 11 ಅಂಗುಲ. ಯೂರೋಪಿನಲ್ಲಿ ಒಂದು ನಂಬರೆಂದರೆ ಸೆಂಟಿಮೀಟರಿನ ಮೂರನೇ ಎರಡು ಭಾಗ. ಅಲ್ಲಿನ 42ಕ್ಕೆ ಅಚ್ಚು 28 ಸೆಂ.ಮೀ.; ನಮ್ಮ ಎಂಟಕ್ಕೂ ಅದಕ್ಕೂ ಕೂದಲೆಳೆಯ ಅಂತರ. ಇವೆರಡೂ ಅಚ್ಚಿನ ಅಳತೆಗಳೇ ಹೊರತು ಕಾಲಿನ ಅಳತೆಯಲ್ಲ ಎಂಬುದನ್ನು ಗಮನಿಸಿ. ಜಪಾನಿನಲ್ಲಿ ಹಾಗಲ್ಲ. ಶೂ ಮೇಲೆ 25.5 ಎಂದಿದ್ದರೆ ಅದು 25.5 ಸೆಂ.ಮೀ. ಉದ್ದದ ಪಾದಕ್ಕೆ ಎಂದೇ ಅರ್ಥ. ಜೊತೆಗೆ ಇ, ಎರಡು ಇ, ಮೂರು ಇ, ನಾಲ್ಕು ಇ ಎಂದು ಸುತ್ತಳತೆಯ ದರ್ಜೆಗಳಿವೆ. ಒಂದೊಂದಕ್ಕೂ 6 ಮಿ.ಮೀ. ವ್ಯತ್ಯಾಸ. ಉದ್ದ ಒಂದೇ ಇದ್ದರೂ ಅಗಲ ಬೇರೆ ಬೇರೆ ಇರುತ್ತದೆಂದು ಅಂಗಡಿಯೇ ಒಪ್ಪಿಕೊಂಡದ್ದನ್ನು ನಾನು ಮೊದಲು ಕಂಡದ್ದು ಅಲ್ಲಿ.

ಆದರೂ ನಾನು ಎರಡು ಸಲ ಎಡವಿದೆ. ಉತ್ಸಾಹದಲ್ಲಿ ಮೊದಲು ಕೊಂಡದ್ದು ಕೈಗವಸಿನ ಹಾಗೆ ಐದು ಬೆರಳಿಗೆ ಐದು ಗೂಡಿರುವ ಶೂ. ನನ್ನ ಕಿರುಬೆರಳು ಅದರ ಗೂಡಿಗೆ ಹೋಗಲೊಲ್ಲದೆ ಪಕ್ಕದ ಮನೆಗೇ ನುಗ್ಗುತ್ತಿತ್ತು. ಬೆಳಿಗ್ಗೆ ಶೂ ಹಾಕಲು ಹತ್ತು ನಿಮಿಷ ಬೇಕಾಗಿ ಎರಡು ರೈಲು ತಪ್ಪಿದವು. ಎರಡನೆಯದು ಕಾಗದದಷ್ಟು ತೆಳು ಅಟ್ಟೆಯದು. ಕೊಂಡ ದಿನವೇ ಆರು ಕಿಲೋಮೀಟರ್ ನಡೆದೆ. ಮಾರನೆಯ ದಿನ ಮೀನಖಂಡಗಳು ಕಲ್ಲಾಗಿ, ಗೋಡೆ ಹಿಡಿದು ಮೆಟ್ಟಿಲಿಳಿದೆ. ಬಾಲ್ಯದಲ್ಲಿ ಬರಿಗಾಲಿನಲ್ಲಿದ್ದವನೆಂಬ ಹಮ್ಮು ನನಗೆ. ಆ ಬಾಲ್ಯ ಮುಗಿದು ಮೂವತ್ತು ವರ್ಷವಾಗಿದೆಯೆಂಬ ಲೆಕ್ಕ ಕಾಲಿಗೆ. ಇಂಥ ಶೂಗಳಿಗೆ ಅವಸರದಿಂದ ಬದಲಾದ ಓಟಗಾರರ ಪಾದದ ಮೂಳೆಗಳಿಗೆ ಪೆಟ್ಟಾದದ್ದನ್ನು ಅಮೆರಿಕದ ಸಂಶೋಧಕರು 2013ರಲ್ಲೇ ವರದಿ ಮಾಡಿದ್ದರು. ಆರೋಗ್ಯದ ಬಗ್ಗೆ ಅತಿಯಾದ ಭರವಸೆ ಕೊಟ್ಟಿತೆಂಬ ದಾವೆಯನ್ನು ಮುಗಿಸಿಕೊಳ್ಳಲು ಒಂದು ಕಂಪನಿ 2014ರಲ್ಲಿ 37.5 ಲಕ್ಷ ಡಾಲರ್ ಕೊಡಲು ಒಪ್ಪಿತ್ತು. ಓದದೆ ಕೊಂಡ ಮೇಷ್ಟ್ರು ಅನುಭವಿಸಿದರು, ಅಷ್ಟೆ.

ಕೊನೆಗೆ ದಾರಿ ತೋರಿಸಿದ್ದು ಮನೆಯ ಹತ್ತಿರ ಕಟ್ಟಡ ಕಟ್ಟುತ್ತಿದ್ದ ಕೆಲಸಗಾರರ ಕಾಲು. ಅವರಲ್ಲಿ ಕೆಲವರು ಹೆಬ್ಬೆರಳು ಬೇರ್ಪಟ್ಟ, ತೆಳು ರಬ್ಬರಿನ ಅಟ್ಟೆಯ ಬಟ್ಟೆಯ ಜೋಡು ಹಾಕಿಕೊಂಡು ಬೆಕ್ಕಿನಂತೆ ಅಟ್ಟಣಿಗೆ ಹತ್ತುತ್ತಿದ್ದರು. ಅದು ಜಿಕಾ-ತಾಬಿ. ತಾಬಿ ಎಂದರೆ ಹೆಬ್ಬೆರಳು ಬೇರೆಯಾಗಿರುವ ಕಾಲುಚೀಲ. ಅದಕ್ಕೆ ರಬ್ಬರಿನ ಅಟ್ಟೆ ಅಂಟಿಸಿ 1923ರಲ್ಲಿ ಮಾರುಕಟ್ಟೆಗೆ ತಂದು ಹೆಸರಾದವರು ಕುರುಮೆ ಊರಿನ ಶೋಜಿರೋ ಇಶಿಬಾಶಿ. ರಬ್ಬರಿನ ಆ ಅನುಭವದಿಂದಲೇ ಅವರು 1931ರಲ್ಲಿ ಟೈರು ಕಂಪನಿ ಕಟ್ಟಿದರು. ಇಶಿ ಎಂದರೆ ಕಲ್ಲು, ಬಾಶಿ ಎಂದರೆ ಸೇತುವೆ. ಹೆಸರನ್ನು ಇಂಗ್ಲಿಷಿನಲ್ಲಿ ತಿರುಗಿಸಿದರೆ ಬ್ರಿಡ್ಜ್‌ಸ್ಟೋನ್! 1951ರ ಬೋಸ್ಟನ್ ಮ್ಯಾರಥಾನ್ ಗೆದ್ದ ಹಿರೋಶಿಮಾದ ಹುಡುಗ ಶಿಗೆಕಿ ತನಾಕಾ ಕಾಲಲ್ಲಿದ್ದದ್ದೂ ಹೆಬ್ಬೆರಳು ಬೇರ್ಪಟ್ಟ ಇಂಥ ಜೋಡೇ. ನಮ್ಮ ಉಂಗುಷ್ಠದ ಚಪ್ಪಲಿಯ ದೂರದ ನೆಂಟ ಎನ್ನಿ.

ಜಿಕಾ-ತಾಬಿ ಹಾಕಿಕೊಂಡು ಪಾಠ ಮಾಡಲಾಗುವುದಿಲ್ಲ. ಆದರೆ ಅದನ್ನು ಕೇಳಲು ಹೋದ ಹಳೆಯ ಬೀದಿಯ ಸಣ್ಣ ಅಂಗಡಿಯಲ್ಲಿ ಎಪ್ಪತ್ತು ದಾಟಿದ ಯಜಮಾನರೊಬ್ಬರು ಸಿಕ್ಕರು. ಬೆಳಿಗ್ಗೆ ಹೋದವನನ್ನು 'ಸಂಜೆ ಬನ್ನಿ' ಎಂದು ಸನ್ನೆ ಮಾಡಿ ಕಳಿಸಿದರು. ಸಂಜೆಗೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಅಳತೆ ಆಗಲೇ ತೆಗೆಯಬೇಕು ಎಂಬುದು ಆಮೇಲೆ ತಿಳಿಯಿತು. ನೆಲಕ್ಕೆ ಮಂಡಿಯೂರಿ ಎರಡೂ ಪಾದ ಅಳೆದರು. ಎಡ 25.2, ಬಲ 25.5, ಸುತ್ತಳತೆ 26.4. ನಾಲ್ಕು ಇ ದರ್ಜೆಯ, ಹಿಮ್ಮಡಿ ಏರಿಸದ, ಮೆತ್ತನೆಯ ಕಪ್ಪು ಶೂ ತಂದು ನಿಲ್ಲಿಸಿ, ಬೆರಳ ತುದಿಯಿಂದಾಚೆ ತಮ್ಮ ಹೆಬ್ಬೆರಳಿನಿಂದ ಒತ್ತಿ ಒಂದು ಸೆಂಟಿಮೀಟರ್ ಖಾಲಿ ಇದೆಯೆಂದು ಖಚಿತ ಮಾಡಿಕೊಂಡರು. ನಾನು ಮೊದಲ ಬಾರಿಗೆ ಶೂನೊಳಗೆ ಐದೂ ಬೆರಳು ಆಡಿಸಿದೆ. ಮೂರು ತಿಂಗಳಲ್ಲಿ ಉರಿ ಹೋಯಿತು.

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ನನ್ನ ಕಾಲಿನ ಬಳಿ ಮಂಡಿಯೂರಿದ್ದ ಆ ಹಿರಿಯರನ್ನು ನೋಡುತ್ತಿದ್ದಂತೆ ನನಗೆ 1998ರ ಜೂನ್ ನೆನಪಾಯಿತು.

ಆಗ ನಾನು ಹೊಸ ಮೇಷ್ಟ್ರು, ಶಿಸ್ತಿನ ಹುಚ್ಚು. ಎಂಟನೇ ತರಗತಿಯ ಒಬ್ಬ ಹುಡುಗ ಚಪ್ಪಲಿಯಲ್ಲಿ ಬರುತ್ತಿದ್ದ. ಮೂರು ದಿನ ಪ್ರಾರ್ಥನೆಯ ಹೊತ್ತಿಗೆ ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆ. ನಾಲ್ಕನೆಯ ದಿನ ಕಪ್ಪು ಶೂ ಹಾಕಿಕೊಂಡು ಬಂದ. 'ಹೇಳಿದ ಮೇಲೆ ಬುದ್ಧಿ ಬಂತಲ್ಲ' ಎಂದೆ. ಆಗಸ್ಟ್ ಹದಿನೈದರ ಕವಾಯತಿಗೆ ಅಭ್ಯಾಸ ಮಾಡಿಸುವಾಗ ಅವನ ಹೆಜ್ಜೆ ತಪ್ಪುತ್ತಲೇ ಇತ್ತು. ಎಲ್ಲರೆದುರಿಗೆ ಗದರಿಸಿದೆ. ಅಂದು ಸಂಜೆ ನಲ್ಲಿಯ ಬಳಿ ಅವನು ಕಾಲುಚೀಲಕ್ಕೆ ನೀರು ಹಾಕುತ್ತಾ ಕೂತಿದ್ದ. ರಕ್ತ ಒಣಗಿ ಬಟ್ಟೆ ಹಿಮ್ಮಡಿಗೆ ಅಂಟಿಕೊಂಡಿತ್ತು. ಶೂ ಚಿಕ್ಕಪ್ಪನ ಮಗನದು, ಎರಡು ನಂಬರು ಚಿಕ್ಕದು. 'ಯಾಕೋ ಹೇಳಲಿಲ್ಲ?' ಎಂದರೆ, 'ನೀವೇ ಹಾಕ್ಕೊಂಡು ಬಾ ಅಂದ್ರಲ್ಲ ಸಾರ್' ಎಂದ. ನಾನು ಮುಲಾಮು ತರಿಸಿ ಹಚ್ಚಿಸಿದೆ, ಚಪ್ಪಲಿಯಲ್ಲೇ ಬಾ ಎಂದೆ. ಆದರೆ ನನ್ನದು ತಪ್ಪಾಯಿತು ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಅವನು ಎಸ್ಸೆಸ್ಸೆಲ್ಸಿ ಮುಗಿಸಿ ಹೋದ. ಆ ಮಾತು ಬಾಯಿಗೆ ಬಂದದ್ದು ಹದಿನೆಂಟು ವರ್ಷ ತಡವಾಗಿ, ಕೇಳಲು ಅವನಿಲ್ಲದ ಊರಿನಲ್ಲಿ.

2019ರಲ್ಲಿ ಊರಿಗೆ ಮರಳಿದ ಮೇಲೆ ಪ್ರತಿ ಜೂನ್ ತಿಂಗಳಲ್ಲೂ ನನ್ನ ಮೊದಲ ವಿಜ್ಞಾನ ಪಾಠ ಕಾಲಿನದೇ. ಮಕ್ಕಳು ಹಾಳೆಯ ಮೇಲೆ ನಿಂತು ಪಾದದ ಗೆರೆ ಎಳೆದು, ತಮ್ಮ ಶೂ ಅದರ ಮೇಲೆ ಇಟ್ಟು ನೋಡುತ್ತಾರೆ. ಗೆರೆ ಹೊರಗೆ ಕಾಣುವ ಶೂಗಳು ಪ್ರತಿ ವರ್ಷವೂ ಸಿಗುತ್ತವೆ. ಒಂದು ಪಾದದಲ್ಲಿ 26 ಮೂಳೆಗಳಿವೆ, ಅವು ಪೂರ್ತಿ ಬಲಿಯಲು ಹದಿಹರೆಯದ ಕೊನೆಯವರೆಗೆ ಬೇಕು ಎಂಬ ಪಾಠವನ್ನು ಆ ದಿನ ಬಾಯಿಪಾಠ ಮಾಡಿಸಬೇಕಾಗುವುದಿಲ್ಲ.

ತಂದೆತಾಯಂದಿರ ಸಭೆಯಲ್ಲಿ ನಾನು ಹೇಳುವ ಇನ್ನೊಂದು ವಿಷಯ ನಮ್ಮ ಮಣಿಪಾಲದ್ದು. ಅಲ್ಲಿನ ವೈದ್ಯರಾದ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇ. 8.6; ಬರಿಗಾಲಿನ ಮಕ್ಕಳಲ್ಲಿ ಶೇ. 2.8. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿ ಹಾಕುವವರಲ್ಲಿ ಕಡಿಮೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಯಿಸಿ, ನಮ್ಮವರ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ಕಂಡುಕೊಂಡಿತು. ನಮಗೇ ಆದ ಅಳತೆ ಪದ್ಧತಿ ಬೇಕೆಂಬ ಸಲಹೆಯನ್ನೂ ಕೊಟ್ಟಿತು. ಅಂದರೆ ಬಾತುಕೋಳಿ ನಾನೊಬ್ಬನೇ ಅಲ್ಲ!

ಹಾಗೆಂದು ಮಕ್ಕಳನ್ನು ಬರಿಗಾಲಿನಲ್ಲಿ ಬೀದಿಗೆ ಕಳಿಸಿ ಎಂದು ನಾನು ಹೇಳುವುದಿಲ್ಲ. ಗಾಜಿನ ಚೂರು, ಮೊಳೆ, ಮಣ್ಣಿನಿಂದ ಅಂಗಾಲಿನ ಮೂಲಕ ಹೊಕ್ಕುವ ಕೊಕ್ಕೆಹುಳು ಎಲ್ಲ ಇವೆ. ಸಕ್ಕರೆ ಕಾಯಿಲೆ ಇರುವವರಂತೂ ಬರಿಗಾಲಿನಲ್ಲಿ ನಡೆಯಲೇಬಾರದು. ನಾನು ಕೇಳುವುದು ಸಣ್ಣ ಸಂಗತಿ. ಶೂ ಕೊಳ್ಳಲು ಸಂಜೆ ಹೋಗಿ, ಮಗುವನ್ನೂ ಕರೆದುಕೊಂಡು ಹೋಗಿ. ಎರಡೂ ಕಾಲಿಗೆ ಹಾಕಿ ನಿಲ್ಲಿಸಿ ನೋಡಿ. ಬೆರಳ ಮುಂದೆ ನಿಮ್ಮ ಹೆಬ್ಬೆರಳಿನ ಅಗಲದಷ್ಟು ಜಾಗವಿರಲಿ. ಶೂ ಬೆರಳಿನ ಬುಡದಲ್ಲಿ ಮಡಚುವಂತಿರಲಿ. ಮಗು ಬರಲಾಗದಿದ್ದರೆ ಅವನ ಪಾದದ ಗೆರೆಯ ಮೇಲೆ ರಟ್ಟು ಕತ್ತರಿಸಿ ಒಯ್ಯಿರಿ. ರಟ್ಟು ಶೂನೊಳಗೆ ಮಡಚದೆ ಕೂತರೆ ಕಾಲೂ ಕೂರುತ್ತದೆ.

ಕಳೆದ ವರ್ಷ ಒಬ್ಬ ತಂದೆ ಎದ್ದು ನಿಂತು, 'ಎರಡು ನಂಬರ್ ದೊಡ್ಡದು ತಗೊಂಡು ಮುಂದೆ ಹತ್ತಿ ತುಂಬಿದ್ರೆ ಮೂರು ವರ್ಷ ಬರುತ್ತೆ ಮೇಷ್ಟ್ರೇ, ನಮ್ಮ ಕಷ್ಟ ನಿಮಗೆ ಗೊತ್ತಿಲ್ಲ' ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಉತ್ತರವನ್ನು ಮುಖ್ಯೋಪಾಧ್ಯಾಯರ ಜೊತೆ ಕೂತು ಹುಡುಕಿದೆವು. ಈಗ ನಮ್ಮ ಶಾಲೆಯ ಸೂಚನಾ ಫಲಕದಲ್ಲಿ ಒಂದು ಸಾಲು ಸೇರಿದೆ: 'ಶೂ ಇಲ್ಲದವರು, ಚಿಕ್ಕದಾದವರು ಚಪ್ಪಲಿಯಲ್ಲಿ ಬರಬಹುದು; ಕಾರಣ ಕೇಳುವುದಿಲ್ಲ.' ಅಕ್ಷರ ನನ್ನದೇ. ಬರೆಯುವಾಗ ಯಾವ ಹುಡುಗನನ್ನು ನೆನೆದು ಬರೆದೆನೆಂದು ಮಕ್ಕಳಿಗೆ ಹೇಳಿಲ್ಲ. ಇಂದು ಇಲ್ಲಿ ಹೇಳಿದ್ದೇನೆ. ಅವನು ಎಲ್ಲಾದರೂ ಇದನ್ನು ಓದಿದರೆ, ತಪ್ಪಾಯಿತಪ್ಪ.