ಟ್ಯೂಟರ್ ಇಲ್ಲದ ಮೊದಲ ಪಾಳಿ

ನರ್ಸಿಂಗ್ ಓದುವಾಗ ವಾರ್ಡಿನಲ್ಲಿ ಮಾಡಿದ ಪ್ರತಿ ಕೆಲಸಕ್ಕೂ ಇನ್ನೊಬ್ಬರ ಸಹಿ ಬೇಕು. ಡ್ರೆಸಿಂಗ್ ಮಾಡಿದರೂ, ಸೂಜಿ ಚುಚ್ಚಿದರೂ ಟ್ಯೂಟರ್ ಕಣ್ಣಾರೆ ನೋಡಿ ರೆಕಾರ್ಡ್ ಪುಸ್ತಕದಲ್ಲಿ ಸಹಿ ಹಾಕಿದ ಮೇಲೆಯೇ ಅದು ಲೆಕ್ಕಕ್ಕೆ. ಜಿಎನ್‌ಎಂ ಡಿಪ್ಲೊಮಾ ಆದರೆ ಮೂರು ವರ್ಷ, ಬಿ.ಎಸ್ಸಿ ಆದರೆ ನಾಲ್ಕು ವರ್ಷ ಹೀಗೇ ಸಾಗುತ್ತದೆ. ಪರೀಕ್ಷೆ ಪಾಸಾಗಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮುಗಿದು, ಕೆಲಸಕ್ಕೆ ಸೇರಿದ ದಿನದಿಂದ ಕೇಸ್ ಶೀಟಿನ ಮೇಲೆ ಬೀಳುವುದು ಹೊಸ ನರ್ಸಿನದೇ ಸಹಿ. ಕೊಟ್ಟ ಔಷಧಿಗೂ ಅವಳೇ ಹೊಣೆ; ಅನುಮಾನ ಬಂದು ಕೊಡದೆ ತಡೆಹಿಡಿದ ಔಷಧಿಗೂ ಅವಳೇ ಹೊಣೆ.

ಈ ಹೊಣೆ ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯಲ್ಲಿ ಹೆಚ್ಚು ಭಾರ.

ಬೆಳಗಾವಿ ಜಿಲ್ಲೆಯನ್ನೇ ನೋಡಿ: ಗೋಕಾಕ, ಹುಕ್ಕೇರಿ, ಮತ್ತು 2018ರಲ್ಲಿ ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದ ಮೂಡಲಗಿ, ಈ ಮೂರನ್ನೂ ಬೆಸೆದಿರುವುದು ಘಟಪ್ರಭಾ ನದಿ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಕೆಳಗೆ ಹರಿದ ನೀರು ಈ ಸೀಮೆಯನ್ನು ಕಬ್ಬಿನ ಸೀಮೆ ಮಾಡಿದೆ. ಕಬ್ಬಿನ ಪಡದಲ್ಲಿ ಇಲಿ, ಇಲಿಯ ಬೆನ್ನ ಹಿಂದೆ ಹಾವು. ಕತ್ತಲಲ್ಲಿ ನೀರು ಹಾಯಿಸಲು ಹೋದ ರೈತನನ್ನು ಮೋಟರ್‌ಸೈಕಲ್ ಮೇಲೆ ನಡುವೆ ಕೂರಿಸಿಕೊಂಡು ಬರುತ್ತಾರೆ. “ಸಿಸ್ಟರ್, ಏನೋ ಕಡದೈತ್ರಿ, ಕತ್ತಲದಾಗ ಕಾಣಲಿಲ್ರಿ.” ಹೊಸ ನರ್ಸಿನ ಎದುರಿಗೆ ಈಗ ಇರುವುದು ಪ್ರಶ್ನೆಪತ್ರಿಕೆಯಲ್ಲ, ಗಾಬರಿಯಾದ ಮನುಷ್ಯ, ಅವನ ಹಿಂದೆ ಹತ್ತು ಜನ.

ಅಲ್ಲಿ ಅವಳು ಮಾಡಬೇಕಾದ ಕೆಲಸ ನೋಡಲು ಸಣ್ಣದು. ಸ್ವಚ್ಛವಾದ, ಒಣಗಿದ ಗಾಜಿನ ಕೊಳವೆಯಲ್ಲಿ ಎರಡು ಎಂ.ಎಲ್. ರಕ್ತ ತೆಗೆದುಕೊಂಡು 20 ನಿಮಿಷ ಅಲುಗಿಸದೆ ಇಡಬೇಕು. ಆಮೇಲೆ ವಾಲಿಸಿ ನೋಡಿದಾಗ ರಕ್ತ ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ವಿಷ ಏರಿದೆ ಎಂದು ಅರ್ಥ. ಕೊಳವೆ ಪ್ಲಾಸ್ಟಿಕ್ಕಿನದಾದರೆ ಅಥವಾ ಅದರಲ್ಲಿ ತೊಳೆದ ಸೋಪಿನ ಅಂಶ ಉಳಿದಿದ್ದರೆ ಉತ್ತರವೇ ತಪ್ಪುತ್ತದೆ. ಕಟ್ಟುಹಾವು ಕಡಿದಿದ್ದರೆ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ, ಕಡಿದ ಜಾಗ ಅಷ್ಟಾಗಿ ನೋಯುವುದೂ ಇಲ್ಲ. ಗುರುತು ಸಿಗುವುದು ಜೋತುಬೀಳುತ್ತಿರುವ ಕಣ್ಣರೆಪ್ಪೆಯಲ್ಲಿ. ನಿದ್ದೆಗಣ್ಣು ಎಂದುಕೊಂಡರೆ ಉಸಿರೇ ನಿಲ್ಲಬಹುದು. ವೈದ್ಯರು ವಿಷನಿರೋಧಕ ಬರೆದ ಮೇಲೆ ಪುಡಿಯ ರೂಪದ ಆ ಔಷಧಿಯನ್ನು ಜೋರಾಗಿ ಕುಲುಕದೆ ನಿಧಾನ ತಿರುಗಿಸಿ ಕರಗಿಸಬೇಕು. ಮೊದಲ ಡೋಸ್ ಸಾಮಾನ್ಯವಾಗಿ ಹತ್ತು ವಯಲ್. ಮಗುವಿಗೂ ಅಷ್ಟೇ, ಏಕೆಂದರೆ ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲ. ಔಷಧಿಯೇ ಒಗ್ಗದೆ ಮೈಮೇಲೆ ದದ್ದು ಎದ್ದು ಬಿಪಿ ಕುಸಿಯಬಹುದಾದ್ದರಿಂದ ಅಡ್ರಿನಲಿನ್ ಸಿರಿಂಜಿಗೆ ತುಂಬಿ ಪಕ್ಕದಲ್ಲೇ ಇಟ್ಟುಕೊಂಡಿರಬೇಕು.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಆ ವರದಿಯ ಮೊದಲ ಸಾಲುಗಳು ಹುಟ್ಟುವುದು ನರ್ಸ್ ಬರೆದಿಟ್ಟ ವೇಳೆಯಿಂದ: ಯಾವಾಗ ಕಡಿಯಿತು, ಯಾವಾಗ ಬಂದರು, ಯಾವಾಗ ಔಷಧಿ ಶುರುವಾಯಿತು.

ಇದೆಲ್ಲವೂ ಪಠ್ಯದಲ್ಲಿದೆ, ಅವಳು ಬರೆದು ಅಂಕ ಪಡೆದೂ ಇದ್ದಾಳೆ. ಹಾಗಿದ್ದರೂ ಮೊದಲ ಸಲ ಕೈ ನಡುಗುತ್ತದೆ. ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲಿನ್ ಕ್ರೇಮರ್ 1974ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ಕಾಲೇಜು ಕಲಿಸಿದ ಆದರ್ಶಕ್ಕೂ ವಾರ್ಡಿನ ವಾಸ್ತವಕ್ಕೂ ನಡುವಿನ ಕಂದಕಕ್ಕೆ ಬಿದ್ದು ಹೊಸ ನರ್ಸ್‌ಗಳು ವೃತ್ತಿಯನ್ನೇ ಬಿಡುತ್ತಾರೆ ಎಂಬುದು ಅವರ ಮಾತು. ಹತ್ತು ವರ್ಷದ ಬಳಿಕ ಪೆಟ್ರೀಷಿಯಾ ಬೆನ್ನರ್ ಹೊಸಬಳಿಂದ ನುರಿತವಳಾಗುವವರೆಗೆ ಐದು ಮೆಟ್ಟಿಲುಗಳನ್ನು ಗುರುತಿಸಿದರು. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಕಳೆದ ಮೇಲೆ ನರ್ಸ್ ಮೂರನೆಯ ಮೆಟ್ಟಿಲಿಗೆ ಬರುತ್ತಾಳೆ ಎಂದು ಅವರ ಲೆಕ್ಕ. ಅಂದರೆ ನಡುಗುವ ಕೈ ದಡ್ಡತನದ ಗುರುತಲ್ಲ. ಅದು ಎಲ್ಲರೂ ಹತ್ತಿ ಬಂದ ಮೆಟ್ಟಿಲು.

ದೊಡ್ಡ ಆಸ್ಪತ್ರೆಯಲ್ಲಿ ಕಲಿತು ಬಂದವಳಿಗೆ ಇಲ್ಲಿ ಇನ್ನೂ ಒಂದು ಪಾಠ ಕಾದಿರುತ್ತದೆ. ಅಲ್ಲಿ ತಜ್ಞರು ಪಕ್ಕದ ಮಹಡಿಯಲ್ಲಿದ್ದರು. ಇಲ್ಲಿ ತೀರಾ ಗಂಭೀರವಾದ ರೋಗಿಯನ್ನು 108 ಆಂಬುಲೆನ್ಸ್‌ನಲ್ಲಿ ಬೆಳಗಾವಿಗೆ ಕಳಿಸಬೇಕು. ಮಳೆಗಾಲದಲ್ಲಿ ಅದೂ ಕೈಯಲ್ಲಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ನಗರದೊಳಗೆ ನುಗ್ಗಿದಾಗ, ಮೂಡಲಗಿ ಕಡೆಯ ಊರುಗಳು ನೀರಲ್ಲಿ ನಿಂತಾಗ, ನದಿಯ ಮೇಲಿನ ಲೋಳಸೂರ ಸೇತುವೆಯೇ ಮುಳುಗಿತ್ತು. ಅಂಥ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಯಾರಿದ್ದಾರೋ ಅವರೇ ಆಸ್ಪತ್ರೆ. ಅವರಲ್ಲಿ ಹೊಸಬಳೂ ಒಬ್ಬಳಿರಬಹುದು.

ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಪರಿಷ್ಕೃತ ಬಿ.ಎಸ್ಸಿ ಪಠ್ಯಕ್ರಮ ಕೊನೆಯ ಸೆಮಿಸ್ಟರನ್ನು ಇಂಟರ್ನ್‌ಶಿಪ್‌ಗೆ ಮೀಸಲಿಟ್ಟಿರುವುದು ಒಳ್ಳೆಯ ಹೆಜ್ಜೆ. ಆದರೆ ಇಂಟರ್ನ್ ಇನ್ನೂ ವಿದ್ಯಾರ್ಥಿಯೇ. ಅವಳಿಗೆ ಆಸರೆ ಬೇಕಾಗುವುದು ಸ್ವಂತ ಸಹಿ ಹಾಕತೊಡಗಿದ ಮೊದಲ ತಿಂಗಳುಗಳಲ್ಲಿ. ಅನುಭವಿ ಸಿಸ್ಟರ್ ಒಬ್ಬರು ಪಕ್ಕದಲ್ಲಿದ್ದರೆ ಬಹಳಷ್ಟು ಸುಲಭ. “ರೆಪ್ಪೆ ನೋಡವಾ, ಬಾಯಿ ತೆಗಿ ಅನ್ನು, ಕುತ್ತಿಗಿ ಎತ್ತಾಕ ಹೇಳು” ಎಂದು ಅವರು ಮೆಲ್ಲಗೆ ಹೇಳುವ ಮಾತಿನಲ್ಲಿ ಒಂದು ಇಡೀ ಅಧ್ಯಾಯವಿರುತ್ತದೆ. ಸಂಬಂಧಿಕರ ಮುಂದೆ ಗದರಿಸಿದರೆ ಅದೇ ಹುಡುಗಿ ಮರುದಿನ ಪ್ರಶ್ನೆ ಕೇಳುವುದನ್ನೇ ಬಿಡುತ್ತಾಳೆ. ಪ್ರಶ್ನೆ ಕೇಳದ ನರ್ಸ್ ರೋಗಿಗೆ ಅಪಾಯ.

ಇಂಥ ಆಸರೆಗೆ ಹೊಸ ಕಟ್ಟಡ ಬೇಡ. ಹೊಸಬಳ ಮೊದಲ ಮೂರು ತಿಂಗಳ ರಾತ್ರಿ ಪಾಳಿಗಳಲ್ಲಿ ಹಿರಿಯ ನರ್ಸ್ ಒಬ್ಬರ ಹೆಸರೂ ಜೊತೆಗಿರಬೇಕು. ಆ ಹಿರಿಯರ ಉಳಿದ ಕೆಲಸದ ಹೊರೆ ಅಷ್ಟರ ಮಟ್ಟಿಗೆ ಇಳಿಯಬೇಕು. ಮುಂಗಾರು ಶುರುವಾಗುವ ಮುಂಚೆ ಗಾಜಿನ ಕೊಳವೆಯ ಪರೀಕ್ಷೆಯನ್ನೂ ವಿಷನಿರೋಧಕ ಕರಗಿಸುವುದನ್ನೂ ಅವಳ ಕೈಯಿಂದಲೇ ಒಮ್ಮೆ ಮಾಡಿಸಬೇಕು. ಸಿಬ್ಬಂದಿ ಕೊರತೆ ನಿಜ, ಹಾಗೆಂದು ಹೊಸಬಳನ್ನು ಒಂಟಿಯಾಗಿ ಬಿಟ್ಟರೆ ಅವಳೂ ಕೆಲಸ ಬಿಟ್ಟು ಕೊರತೆ ಇನ್ನಷ್ಟು ಬೆಳೆಯುತ್ತದೆ. ಡ್ಯೂಟಿ ಪಟ್ಟಿ ಬರೆಯುವವರು ಇದನ್ನು ಮುಂದಿನ ತಿಂಗಳ ಪಟ್ಟಿಯಿಂದಲೇ ಶುರುಮಾಡಬಹುದು.